‘ಈಗ ಬೇಡ’ ಇದೆ, ‘ಬೇಡ’ ಎಲ್ಲಿದೆ? ಡಿಜಿಟಲ್ ಸೇವೆಗಳ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹದಿನಾಲ್ಕು ವರ್ಷದ ಹುಡುಗಿ ಹೊಸದೊಂದು ಆ್ಯಪ್ ಹಾಕಿಕೊಳ್ಳುತ್ತಾಳೆ. ಹುಟ್ಟಿದ ದಿನಾಂಕ ಕೊಟ್ಟ ಕೂಡಲೇ ಒಂದು ಪರದೆ ಬರುತ್ತದೆ: ‘ನಿಮ್ಮ ಗೆಳೆಯರು ಇಲ್ಲಿದ್ದಾರೆ, ಹುಡುಕೋಣವೇ?’ ಕೆಳಗೆ ಪರದೆಯ ಉದ್ದಗಲಕ್ಕೆ ನೀಲಿ ಗುಂಡಿ, ‘ಮುಂದುವರಿಯಿರಿ’. ಅದರಡಿಯಲ್ಲಿ ತೆಳು ಬೂದು ಅಕ್ಷರದಲ್ಲಿ ‘ಈಗ ಬೇಡ’. ‘ಬೇಡ’ ಎನ್ನುವ ಗುಂಡಿ ಇಲ್ಲವೇ ಇಲ್ಲ. ಬೂದು ಅಕ್ಷರವನ್ನು ಒತ್ತಿದರೆ ನೋಟಿಫಿಕೇಶನ್ ಬಗ್ಗೆ ಇಂಥದೇ ಇನ್ನೊಂದು ಪರದೆ. ನಾಲ್ಕು ದಿನ ಬಿಟ್ಟು ಮೊದಲಿನ ಪರದೆ ಮತ್ತೆ ಹಾಜರು.

ಈ ಪರದೆ ಯಾಕೆ ಹುಟ್ಟಿತು ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ತಪಾಸಣೆ ಮಾಡುವವರ ಕಣ್ಣಿಗೆ ಇದು ಬೀಳುವುದೇ ಕಡಿಮೆ. ಫೋನಿನಲ್ಲಿರುವ ನಂಬರುಗಳು, ಲೊಕೇಶನ್, ಕ್ಯಾಮೆರಾ ಇವನ್ನೆಲ್ಲ ಮುಟ್ಟುವ ಮೊದಲು ಫೋನಿನ ಆಪರೇಟಿಂಗ್ ಸಿಸ್ಟಂ ತನ್ನದೇ ಪೆಟ್ಟಿಗೆಯಲ್ಲಿ ಅನುಮತಿ ಕೇಳುತ್ತದೆ. ಐಫೋನ್‌ನಲ್ಲಿ ಒಂದು ಅನುಮತಿಗೆ ಆ ಪೆಟ್ಟಿಗೆ ಒಂದೇ ಸಲ ಬರುತ್ತದೆ. ಅಲ್ಲಿ ಬೇಡ ಎಂದುಬಿಟ್ಟರೆ ಆ್ಯಪ್ ಮತ್ತೆ ಅದನ್ನು ತೋರಿಸುವಂತಿಲ್ಲ, ಬಳಕೆದಾರರೇ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು. ಆಂಡ್ರಾಯ್ಡ್ 11ರಿಂದ ಈಚೆಗೆ ಎರಡು ಸಲ ನಿರಾಕರಿಸಿದರೆ ಅಲ್ಲಿಗೆ ಮುಗಿಯಿತು. ಹೀಗಾಗಿ ಆ್ಯಪ್‌ಗಳು ಆ ಪೆಟ್ಟಿಗೆಯ ಮುಂದೆ ತಮ್ಮದೇ ಒಂದು ನಕಲು ಪರದೆಯನ್ನು ನಿಲ್ಲಿಸಿಕೊಂಡಿವೆ. ಅಲ್ಲಿ ‘ಮುಂದುವರಿಯಿರಿ’ ಎಂದವರಿಗೆ ಮಾತ್ರ ನಿಜವಾದ ಪೆಟ್ಟಿಗೆ ಕಾಣಿಸುತ್ತದೆ. ‘ಈಗ ಬೇಡ’ ಎಂದವರ ನಿರಾಕರಣೆ ಸಿಸ್ಟಂಗೆ ತಲುಪುವುದೇ ಇಲ್ಲ, ಆದ್ದರಿಂದ ಎಷ್ಟು ಸಲ ಬೇಕಾದರೂ ಮತ್ತೆ ಕೇಳಬಹುದು. ಒಂದೇ ಸಲ ಕೇಳಬೇಕು ಎಂಬ ರಕ್ಷಣೆಯನ್ನು ಹೀಗೆ ಸುತ್ತಿಬಳಸಿ ದಾಟಲಾಗಿದೆ. ಸಿಸ್ಟಂನ ದಾಖಲೆಯನ್ನಷ್ಟೇ ನೋಡುವ ತಪಾಸಕರಿಗೆ ‘ಒಂದು ಸಲ ಕೇಳಿದರು, ಒಪ್ಪಿದಳು’ ಎಂದು ಕಾಣುತ್ತದೆ. ಆ ಒಪ್ಪಿಗೆಯ ಹಿಂದೆ ಏಳು ‘ಈಗ ಬೇಡ’ಗಳಿದ್ದರೂ ಅವುಗಳ ಸುಳಿವೇ ಸಿಗುವುದಿಲ್ಲ.

ಆ್ಯಪ್‌ಗಳ ಪರದೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುವ ಕೆಲಸ ಮಾಡುವವರಾಗಿ ನಾವು ನಿಮಗೆ ಹೇಳಬೇಕಾದ್ದು ಇಷ್ಟು: ನೀವು ಒಂದು ಪರದೆಯನ್ನು ನೋಡಿ ತೀರ್ಪು ಕೊಡುತ್ತೀರಿ, ಹದಿಹರೆಯದವರು ಎದುರಿಸುವುದು ಪರದೆಗಳ ಸರಪಳಿಯನ್ನು. ಅದೂ ದಿನದ ಕೊನೆಗೆ, ದಣಿದಿರುವಾಗ, ಗೆಳೆಯರ ಕಣ್ಣೆದುರು. ಸರಪಳಿಯನ್ನು ಅಳೆಯುವ ಕ್ರಮವನ್ನು ನಿಯಮದೊಳಗೆ ತನ್ನಿ.

ಗುಂಡಿಗಳ ಜೋಡಣೆಯೊಂದೇ ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ಐರ್ಲೆಂಡಿನ ಡೇಟಾ ಸಂರಕ್ಷಣಾ ಆಯೋಗ 2023ರ ಸೆಪ್ಟೆಂಬರ್‌ನಲ್ಲಿ ಟಿಕ್‌ಟಾಕ್ ವಿರುದ್ಧ ಕೊಟ್ಟ ತೀರ್ಮಾನವನ್ನು ಓದಬೇಕು. ದಂಡದ ಮೊತ್ತ 34.5 ಕೋಟಿ ಯೂರೊ. ನಮಗೆ ಮೊತ್ತಕ್ಕಿಂತ ಮುಖ್ಯವೆನಿಸುವುದು ಅದರಲ್ಲಿರುವ ಪರದೆಯ ವಿವರ. 2020ರ ಕೊನೆಯ ಐದು ತಿಂಗಳುಗಳಿಗೆ ಸಂಬಂಧಿಸಿದ ಪ್ರಕರಣವದು. ಖಾತೆ ತೆರೆಯುವ 13ರಿಂದ 17 ವರ್ಷದವರಿಗೆ ಬರುತ್ತಿದ್ದ ಪಾಪ್-ಅಪ್‌ನಲ್ಲಿ ಖಾತೆಯನ್ನು ಖಾಸಗಿ ಮಾಡಿಕೊಳ್ಳುವ ಗುಂಡಿ ಒಂದು ಕಡೆ, ‘ಸ್ಕಿಪ್’ ಬಲಗಡೆ. ಸ್ಕಿಪ್ ಎಂದರೆ ಆಮೇಲೆ ನೋಡೋಣ ಎಂಬ ಅರ್ಥ ಯಾರಿಗಾದರೂ ಬರುತ್ತದೆ. ಅಲ್ಲಿ ಅದರ ಪರಿಣಾಮ ಖಾತೆ ಎಲ್ಲರಿಗೂ ತೆರೆದುಕೊಳ್ಳುವುದಾಗಿತ್ತು. ವಿಡಿಯೊ ಹಾಕುವಾಗ ಬರುತ್ತಿದ್ದ ಇನ್ನೊಂದು ಪಾಪ್-ಅಪ್‌ನಲ್ಲಿ ‘ಈಗಲೇ ಪೋಸ್ಟ್ ಮಾಡಿ’ ದಪ್ಪ ಗಾಢ ಅಕ್ಷರದಲ್ಲಿ ಬಲಗಡೆ, ‘ರದ್ದು’ ಮಸುಕಾಗಿ ಎಡಗಡೆ. ಖಾಸಗಿಯಾಗಿ ಹಾಕಬೇಕೆಂದಿದ್ದ ಹುಡುಗ ಮೊದಲು ‘ರದ್ದು’ ಒತ್ತಬೇಕು, ಅಂದರೆ ತಾನು ಮಾಡಹೊರಟ ಕೆಲಸವನ್ನೇ ಬಿಡಬೇಕು, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಖಾಸಗಿ ಖಾತೆಯ ಆಯ್ಕೆಯನ್ನು ಹುಡುಕಿ ಬದಲಿಸಬೇಕು. ಸುಳ್ಳು ಹೇಳುವ ಒಂದು ಪದವೂ ಅಲ್ಲಿರಲಿಲ್ಲ. ಎಡ-ಬಲ, ದಪ್ಪ-ತೆಳು, ಒಂದು ಸಲ ಒತ್ತುವುದು, ಹಲವು ಸಲ ಒತ್ತುವುದು ಇಷ್ಟರಲ್ಲೇ ಕೆಲಸ ಮುಗಿದಿತ್ತು.

ಈ ಬಗೆಯ ವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟದ್ದು ಬ್ರಿಟನ್ನಿನ ವಿನ್ಯಾಸಕ ಹ್ಯಾರಿ ಬ್ರಿಗ್ನಲ್, 2010ರಲ್ಲಿ. ಆಗ ಚರ್ಚೆಯಲ್ಲಿದ್ದುದು ಹೆಚ್ಚಾಗಿ ಖರೀದಿಯ ಜಾಲತಾಣಗಳು: ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಚಂದಾ ನಿಲ್ಲಿಸಲು ಬಿಡದಿರುವುದು. ಕಾನೂನುಗಳೂ ಅದೇ ಜಾಡಿನಲ್ಲಿ ಬಂದವು. ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ 13 ಬಗೆಗಳನ್ನು ಹೆಸರಿಸುತ್ತದೆ. ಹುಸಿ ಅವಸರ, ಬುಟ್ಟಿಗೆ ನುಸುಳಿಸುವುದು, ಚಂದಾ ಬಲೆ, ನಾಚಿಕೆಯಾಗುವಂತೆ ಮಾಡಿ ಒಪ್ಪಿಸುವುದು, ಪದೇ ಪದೇ ಪೀಡಿಸುವುದು ಎಲ್ಲ ಅದರಲ್ಲಿವೆ. ಒಳ್ಳೆಯ ಪಟ್ಟಿ. ಆದರೆ ಅದರಲ್ಲಿ ದಿನ ತಪ್ಪದೆ ಬಳಸಿದ್ದನ್ನು ಎಣಿಸುವ ಸ್ಟ್ರೀಕ್ ಇಲ್ಲ, ಕೊನೆಯಿಲ್ಲದ ಸ್ಕ್ರೋಲ್ ಇಲ್ಲ, ಒಂದು ವಿಡಿಯೊ ಮುಗಿದೊಡನೆ ಮುಂದಿನದನ್ನು ತಾನೇ ಶುರುಮಾಡುವ ಆಟೋಪ್ಲೇ ಇಲ್ಲ. ಹದಿಹರೆಯದವರಿಂದ ಹೆಚ್ಚಾಗಿ ಕಿತ್ತುಕೊಳ್ಳುವುದು ಹಣವನ್ನಲ್ಲವಲ್ಲ. ಹೊತ್ತು, ನಿದ್ದೆ, ಗೆಳೆತನದ ಬಗೆಗಿನ ನೆಮ್ಮದಿ ಇವುಗಳಿಗೆ ರಸೀದಿ ಇರುವುದಿಲ್ಲ, ಹಾಗಾಗಿ ಗ್ರಾಹಕ ಕಾನೂನಿನ ತಕ್ಕಡಿಗೆ ಅವು ಬಂದಿಲ್ಲ.

ಸ್ಟ್ರೀಕ್ ಅನ್ನು ಹತ್ತಿರದಿಂದ ನೋಡಿ. ಸ್ನ್ಯಾಪ್‌ಚಾಟ್‌ನಲ್ಲಿ ಇಬ್ಬರೂ ಪ್ರತಿ 24 ಗಂಟೆಯೊಳಗೆ ಒಬ್ಬರಿಗೊಬ್ಬರು ಒಂದು ಸ್ನ್ಯಾಪ್, ಅಂದರೆ ಫೋಟೊ ಅಥವಾ ವಿಡಿಯೊ, ಕಳಿಸಬೇಕು. ಬರೀ ಚಾಟ್ ಮಾಡಿದರೆ ಲೆಕ್ಕಕ್ಕಿಲ್ಲ. ಮೂರು ದಿನ ದಾಟಿದ ಮೇಲೆ ಗೆಳತಿಯ ಹೆಸರಿನ ಪಕ್ಕ ಬೆಂಕಿಯ ಚಿತ್ರ, ಅದರ ಜೊತೆ ದಿನಗಳ ಸಂಖ್ಯೆ. ಹೊತ್ತು ಮೀರುತ್ತಾ ಬಂದರೆ ಮರಳು ಗಡಿಯಾರ ಕಾಣಿಸುತ್ತದೆ. ಒಬ್ಬರು ಮರೆತರೆ ಸಂಖ್ಯೆ ಇಬ್ಬರದ್ದೂ ಹೋಗುತ್ತದೆ. ಇಡೀ ಯಂತ್ರ ನಿಂತಿರುವುದು ಈ ಕೊನೆಯ ನಿಯಮದ ಮೇಲೆ. ತನ್ನ ನಷ್ಟವಾದರೆ ಹದಿನೈದರ ಹುಡುಗಿ ಹೋಗಲಿ ಬಿಡು ಅನ್ನಬಹುದು. ಗೆಳತಿಯ 212 ದಿನಗಳನ್ನು ತಾನು ಹಾಳು ಮಾಡಿದೆ ಎಂಬುದನ್ನು ಹಾಗೆ ಬಿಡುವುದು ಕಷ್ಟ. ಆದ್ದರಿಂದಲೇ ರಾತ್ರಿ ಮಲಗುವ ಮುನ್ನ ಗೋಡೆಯ, ಚಾವಣಿಯ, ದಿಂಬಿನ ಅರ್ಥವಿಲ್ಲದ ಫೋಟೊಗಳು ಹತ್ತಾರು ಜನರಿಗೆ ಹೋಗುತ್ತವೆ. ಪ್ರವಾಸಕ್ಕೋ ಪರೀಕ್ಷೆಗೋ ಹೋಗುವಾಗ ಸ್ಟ್ರೀಕ್ ಕಾಯಲು ಪಾಸ್‌ವರ್ಡನ್ನೇ ಗೆಳೆಯರ ಕೈಗೆ ಕೊಟ್ಟು ಹೋಗುವ ರೂಢಿ ಹುಟ್ಟಿದ್ದೂ ಇದರಿಂದಲೇ. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ ಎಂದು ತರಗತಿಯಲ್ಲಿ ಹೇಳಿಕೊಟ್ಟದ್ದೆಲ್ಲ ಆ ಒಂದು ಸಂಖ್ಯೆಯ ಮುಂದೆ ಸೋಲುತ್ತದೆ.

ಮರಳು ಗಡಿಯಾರ ಯಾಕಿದೆ ಎಂದು ಆ ಮಕ್ಕಳಿಗೆ ಯಾರೂ ವಿವರಿಸಬೇಕಾಗಿಲ್ಲ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅರಿವು ಮೂಡಿಸುವ ಕಾರ್ಯಕ್ರಮಗಳಿಗೆ ನಮ್ಮ ವಿರೋಧವಿಲ್ಲ, ಆದರೆ ಅರಿವಿನಿಂದ ಸರಿಹೋಗುವುದು ಗೊತ್ತಿಲ್ಲದೆ ಬೀಳುವ ಮೋಸ ಮಾತ್ರ. ಇಲ್ಲಿ ಗೊತ್ತಿದ್ದೂ ಬಿಡಿಸಿಕೊಳ್ಳಲಾಗದು, ಏಕೆಂದರೆ ಒಬ್ಬಳೇ ಹೊರಬಂದರೆ ಅದರ ಅರ್ಥ ‘ನಿನ್ನ ಗೆಳೆತನ ನನಗೆ ಮುಖ್ಯವಲ್ಲ’ ಎಂದಾಗುತ್ತದೆ. ಸಂದೇಶ ಓದಿದ್ದನ್ನು ಸಾರುವ ನೀಲಿ ಟಿಕ್, ‘ಆನ್‌ಲೈನ್’ ಎಂಬ ಹಸಿರು ಚುಕ್ಕೆ, ‘ಟೈಪ್ ಮಾಡುತ್ತಿದ್ದಾರೆ’ ಎಂಬ ಸಾಲು ಎಲ್ಲವೂ ಇದೇ ಎಳೆಯವು. ಓದಿಯೂ ಉತ್ತರಿಸದ ಹತ್ತು ನಿಮಿಷಕ್ಕೆ ಅವು ಒಂದು ಅರ್ಥ ಹಚ್ಚುತ್ತವೆ. ಇವನ್ನು ಆಫ್ ಮಾಡಬಹುದಲ್ಲ ಎನ್ನುವವರು ಗಮನಿಸಬೇಕು: ಓದಿದ ಗುರುತನ್ನು ಆಫ್ ಮಾಡಿದವರಿಗೆ ಕೆಲವು ಆ್ಯಪ್‌ಗಳಲ್ಲಿ ಬೇರೆಯವರ ಗುರುತೂ ಕಾಣುವುದಿಲ್ಲ. ಖಾಸಗಿತನಕ್ಕೆ ಅಲ್ಲೊಂದು ದಂಡ ಇದೆ.

ಫೀಡಿನ ಕತೆ ನಿಮಗೆ ಗೊತ್ತಿರುವಂಥದೇ. ಕೊನೆಯಿಲ್ಲದ ಸ್ಕ್ರೋಲ್ ಅನ್ನು 2006ರಲ್ಲಿ ರೂಪಿಸಿದ ವಿನ್ಯಾಸಕ ಏಜಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಪುಟಕ್ಕೊಂದು ಕೊನೆ ಇದ್ದಾಗ ಅಲ್ಲೊಂದು ಕ್ಷಣ ಬಿಡುವು ಸಿಗುತ್ತಿತ್ತು, ಎದ್ದು ಹೋಗಬೇಕೋ ಬೇಡವೋ ಎಂದು ಯೋಚಿಸಲು. ಆ ಕ್ಷಣವನ್ನು ತೆಗೆದುಹಾಕಲಾಯಿತು. ಅದನ್ನು ಮರಳಿ ತರುವ ಪ್ರಯತ್ನಗಳೂ ನಡೆದಿವೆ, ಅವುಗಳಲ್ಲಿ ಎಷ್ಟು ಗಟ್ಟಿ, ಎಷ್ಟು ತೋರಿಕೆ ಎಂದು ಬೇರ್ಪಡಿಸಿ ನೋಡಬೇಕು. ಯೂಟ್ಯೂಬ್ 2021ರಲ್ಲಿ 13ರಿಂದ 17 ವರ್ಷದವರಿಗೆ ಆಟೋಪ್ಲೇ ಅನ್ನು ಮೊದಲಿನಿಂದಲೇ ಆಫ್ ಇಟ್ಟಿತು. ಇದು ಗಟ್ಟಿ ಕ್ರಮ, ಏಕೆಂದರೆ ಏನೂ ಮಾಡದೆ ಸುಮ್ಮನಿದ್ದವರಿಗೆ ರಕ್ಷಣೆ ಸಿಗುತ್ತದೆ. ಟಿಕ್‌ಟಾಕ್ 2023ರಲ್ಲಿ ಅದೇ ವಯಸ್ಸಿನವರಿಗೆ ದಿನಕ್ಕೆ 60 ನಿಮಿಷದ ಮಿತಿ ಪ್ರಕಟಿಸಿತು. ಮಿತಿ ಮುಗಿದಾಗ ಪಾಸ್‌ಕೋಡ್ ಒತ್ತಿ ಮುಂದುವರಿಯಬಹುದು. ಇದು ಗೇಟಲ್ಲ, ರಸ್ತೆಯ ಉಬ್ಬು. ಎರಡನ್ನೂ ‘ಸುರಕ್ಷತಾ ಕ್ರಮ’ ಎಂದು ಒಂದೇ ಸಾಲಿನಲ್ಲಿ ಬರೆದುಕೊಳ್ಳುವ ವರದಿಗಳನ್ನು ದಯವಿಟ್ಟು ಒಪ್ಪಬೇಡಿ.

ನೋಟಿಫಿಕೇಶನ್‌ನಲ್ಲಿ ಇನ್ನೂ ಸಣ್ಣ ಮೋಸವಿದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಆ್ಯಪ್‌ಗಳು ತಮ್ಮ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿ ಕೊಡಬೇಕು, ಬಳಕೆದಾರರು ಬೇಡದ ಬಗೆಯನ್ನು ಮಾತ್ರ ಆಫ್ ಮಾಡಬಹುದು. ಆದರೆ ಯಾವುದನ್ನು ಯಾವ ಬಗೆಗೆ ಸೇರಿಸಬೇಕೆಂದು ತೀರ್ಮಾನಿಸುವುದು ಆ್ಯಪ್ ತಯಾರಕರೇ. ಗೆಳತಿಯ ಸಂದೇಶವನ್ನೂ ‘ನಿನಗಾಗಿ ಒಂದು ವಿಡಿಯೊ’ ಎಂಬ ಪ್ರಚಾರವನ್ನೂ ಒಂದೇ ಬಗೆಯಲ್ಲಿ ತುರುಕಿದರೆ ಪ್ರಚಾರವನ್ನು ನಿಲ್ಲಿಸಲು ಸಂದೇಶವನ್ನೂ ಬಲಿ ಕೊಡಬೇಕಾಗುತ್ತದೆ. ಯಾವ ಹದಿಹರೆಯದವರೂ ಅದನ್ನು ಮಾಡುವುದಿಲ್ಲ. ಇದನ್ನು ಪತ್ತೆ ಹಚ್ಚುವುದು ಸುಲಭ: ಆ್ಯಪ್‌ನ ನೋಟಿಫಿಕೇಶನ್ ಸೆಟ್ಟಿಂಗ್ಸ್ ತೆರೆದು, ಸಂದೇಶಗಳ ಬಗೆಯೊಂದನ್ನು ಮಾತ್ರ ಆನ್ ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿ, ಒಂದು ವಾರ ಏನೇನು ಬರುತ್ತದೆ ಎಂದು ಬರೆದಿಡಿ.

ಹಣದ ವಿಷಯದಲ್ಲಿ ಆಟಗಳು ಮುಂದಿವೆ. ಆಟದ ಪಾತ್ರಕ್ಕೆ ತೊಡಿಸುವ ಒಂದು ವೇಷಕ್ಕೆ ಆಟದೊಳಗಿನ 1,200 ನಾಣ್ಯ, ಹಣ ಕೊಟ್ಟು ಕೊಳ್ಳುವ ಆ ನಾಣ್ಯಗಳು ಸಿಗುವುದು 1,000ದ ಕಟ್ಟಿನಲ್ಲಿ ಎಂದಿಟ್ಟುಕೊಳ್ಳಿ. ಎರಡು ಕಟ್ಟು ಕೊಳ್ಳಲೇಬೇಕು, 800 ಉಳಿಯುತ್ತದೆ. ಆ 800ಕ್ಕೆ ಬೇಕಾದ್ದೇನೂ ಬರುವುದಿಲ್ಲ, ಸುಮ್ಮನೆ ಬಿಡಲೂ ಮನಸ್ಸಾಗುವುದಿಲ್ಲ. ಇನ್ನೊಂದು ಕಟ್ಟು ಕೊಳ್ಳಲು ಕಾರಣವಾಗುವುದೇ ಈ ಉಳಿಕೆ. ವೇಷದ ಪಕ್ಕ ನಿಜವಾದ ಹಣದ ಬೆಲೆ ಇಲ್ಲದ್ದರಿಂದ ಮನಸ್ಸಿನಲ್ಲಿ ಲೆಕ್ಕ ಹಾಕಲೂ ಆಗುವುದಿಲ್ಲ. ಯುರೋಪಿನ ಗ್ರಾಹಕ ಸಂರಕ್ಷಣಾ ಸಂಸ್ಥೆಗಳ ಜಾಲ 2025ರ ಮಾರ್ಚ್‌ನಲ್ಲಿ, ಆಟದೊಳಗಿನ ವಸ್ತುಗಳ ಬೆಲೆಯನ್ನು ನಿಜವಾದ ಹಣದಲ್ಲೂ ತೋರಿಸಬೇಕು ಎಂದು ಹೇಳಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2022ರ ಡಿಸೆಂಬರ್‌ನಲ್ಲಿ ಫೋರ್ಟ್‌ನೈಟ್ ಆಟದ ಎಪಿಕ್ ಗೇಮ್ಸ್ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಗ್ರಾಹಕರಿಗೆ ಮರಳಿಸಬೇಕಾದ ಹಣವೇ 24.5 ಕೋಟಿ ಡಾಲರ್. ಆಯೋಗದ ದೂರಿನಲ್ಲಿದ್ದ ಅಂಶಗಳು ತೀರಾ ಸಣ್ಣವು: ನಿದ್ದೆಯ ಸ್ಥಿತಿಯಿಂದ ಆಟವನ್ನು ಎಬ್ಬಿಸುವಾಗ, ಆಟ ಲೋಡ್ ಆಗುತ್ತಿರುವಾಗ, ವಸ್ತುವನ್ನು ಸುಮ್ಮನೆ ನೋಡಲು ಪಕ್ಕದ ಗುಂಡಿ ಒತ್ತುವಾಗ ಒಂದೇ ಒತ್ತಿಗೆ ಖರೀದಿ ಆಗಿಬಿಡುತ್ತಿತ್ತು. ಅನುಮತಿಯಿಲ್ಲದ ಖರೀದಿಯನ್ನು ಕಾರ್ಡ್ ಕಂಪನಿಯಲ್ಲಿ ಪ್ರಶ್ನಿಸಿದವರ ಖಾತೆಗೇ ಬೀಗ ಬೀಳುತ್ತಿತ್ತು. ಕೊಂಡದ್ದನ್ನೆಲ್ಲ ಕಳೆದುಕೊಳ್ಳುವ ಭಯ ತೋರಿಸಿ ಬಾಯಿ ಮುಚ್ಚಿಸುವ ಈ ಕೊನೆಯ ತಂತ್ರವನ್ನು ಪರದೆಯ ಚಿತ್ರದಲ್ಲಿ ಕಾಣಲಾಗದು. ಖರೀದಿಯಾಗಿ, ದೂರು ಕೊಟ್ಟು, ಕಾದು ನೋಡಬೇಕು.

ಹೊರಹೋಗುವ ದಾರಿಯೂ ಹೀಗೇ. ‘ಖಾತೆ ಅಳಿಸಿ’ ಎಂದು ಹುಡುಕಿದರೆ ಮೊದಲು ಸಿಗುವುದು ‘ತಾತ್ಕಾಲಿಕವಾಗಿ ನಿಲ್ಲಿಸಿ’. ಅದನ್ನು ದಾಟಿದರೆ ಕಾರಣ ಕೇಳುವ ಪಟ್ಟಿ, ಪಾಸ್‌ವರ್ಡ್, ಆಮೇಲೆ ಅನೇಕ ಸೇವೆಗಳಲ್ಲಿ 30 ದಿನಗಳ ಕಾಯುವಿಕೆ. ಆ 30 ದಿನದಲ್ಲಿ ಒಂದು ಸಲ ಒಳಬಂದರೂ ಅಳಿಸುವ ಕೋರಿಕೆ ರದ್ದು. ಕಾಯುವ ಅವಧಿ ತಪ್ಪಲ್ಲ, ದುಡುಕಿ ಅಳಿಸಿದವರಿಗೆ ಅದು ಬೇಕು. ಆದರೆ ಅದೇ ಅವಧಿಯಲ್ಲಿ ‘ನಿಮ್ಮ ಗೆಳೆಯರು ಏನು ಹಾಕಿದ್ದಾರೆ ನೋಡಿ’ ಎಂಬ ಇಮೇಲ್ ಬಂದರೆ ಅದು ಗಾಳ.

ಇದಕ್ಕೆಲ್ಲ ಪೋಷಕರ ಒಪ್ಪಿಗೆಯೇ ಮದ್ದು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರ ವಿಷಯದಲ್ಲಿ ಅದನ್ನು ಕಡ್ಡಾಯ ಮಾಡುತ್ತದೆ. ಅದೇ ಕಾಯ್ದೆ ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ನಿಷೇಧಿಸುತ್ತದೆ. ನಮಗೆ ಭರವಸೆ ಇರುವುದು ಈ ಎರಡನೆಯದರ ಮೇಲೆ. ಒಪ್ಪಿಗೆ ಕೊಡುವ ತಾಯಿಯ ಮುಂದೆ ಬರುವುದೂ ಅದೇ ನೀಲಿ ಗುಂಡಿ, ಅದೇ ಬೂದು ಅಕ್ಷರ. ಅನೇಕ ವೇಳೆ ‘ಒಪ್ಪಿದೆ’ ಎಂಬ ಗುಂಡಿ ಅವಳ ಭಾಷೆಯಲ್ಲಿರುತ್ತದೆ, ಯಾವುದಕ್ಕೆ ಒಪ್ಪಿದೆ ಎಂಬ ವಿವರ ಇಂಗ್ಲಿಷಿನಲ್ಲಿರುತ್ತದೆ. ಒಂದು ಸಲ ಒಪ್ಪಿದ ಮೇಲೆ ಹೊಣೆ ಕಂಪನಿಯ ತಲೆಯಿಂದ ಮನೆಯವರ ತಲೆಗೆ ಜಾರುತ್ತದೆ. ಆನ್‌ಲೈನ್ ಸೇವೆಗಳಿಗಿರುವ ಬ್ರಿಟನ್ನಿನ ಮಕ್ಕಳ ಸಂಹಿತೆ 2021ರ ಸೆಪ್ಟೆಂಬರ್‌ನಿಂದ ಪೂರ್ತಿಯಾಗಿ ಜಾರಿಯಲ್ಲಿದೆ. ಅದರ 15 ಮಾನದಂಡಗಳಲ್ಲಿ ಎರಡು ಹೇಳುವುದು ಇದನ್ನೇ: ಸೆಟ್ಟಿಂಗ್ಸ್ ಮೊದಲಿನಿಂದಲೇ ಹೆಚ್ಚು ಖಾಸಗಿಯಾಗಿರಬೇಕು, ಖಾಸಗಿತನ ಬಿಟ್ಟುಕೊಡುವಂತೆ ಮಕ್ಕಳನ್ನು ತಳ್ಳಬಾರದು. ಯುರೋಪಿಯನ್ ಕಮಿಷನ್ 2025ರ ಜುಲೈನಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಸ್ಟ್ರೀಕ್, ಆಟೋಪ್ಲೇ, ಓದಿದ ಗುರುತು, ಪುಶ್ ನೋಟಿಫಿಕೇಶನ್ ಇವು ಅಪ್ರಾಪ್ತರಿಗೆ ಮೊದಲಿನಿಂದ ಆಫ್ ಇರಲಿ ಎಂದು ಮಾರ್ಗಸೂಚಿಯಲ್ಲಿ ಬರೆಯಿತು. ಸರಿಯಾದ ಜಾಗಕ್ಕೆ ಕೈ ಹಾಕಿದ ಮಾತು ಇದು.

ಎಲ್ಲ ಆಕರ್ಷಕ ವಿನ್ಯಾಸವೂ ಕುತಂತ್ರವಲ್ಲವಲ್ಲ, ಗೆರೆ ಎಳೆಯುವುದು ಎಲ್ಲಿ ಎಂದು ಕಂಪನಿಗಳು ನಿಮ್ಮನ್ನು ಕೇಳುತ್ತವೆ. ಉತ್ತರ ಅವರ ಬಳಿಯೇ ಇದೆ. ಆ ಸೌಲಭ್ಯವನ್ನು ಆಫ್ ಇಟ್ಟು, ಆನ್ ಮಾಡುವ ಗುಂಡಿಯನ್ನು ಎದುರಿಗೇ ಇಟ್ಟು, ಎಷ್ಟು ಹದಿಹರೆಯದವರು ತಾವಾಗಿ ಆನ್ ಮಾಡಿಕೊಳ್ಳುತ್ತಾರೆ ನೋಡಲಿ. ಇಂಥ ಹೋಲಿಕೆಯ ಪ್ರಯೋಗಗಳನ್ನು ಅವರು ದಿನವೂ ನಡೆಸುತ್ತಾರೆ: ಅರ್ಧ ಜನಕ್ಕೆ ಒಂದು ಗುಂಡಿ, ಇನ್ನರ್ಧ ಜನಕ್ಕೆ ಇನ್ನೊಂದು, ಯಾವುದು ಗೆದ್ದಿತೋ ಅದು ಉಳಿಯುತ್ತದೆ. ಗೆಲುವನ್ನು ಯಾವ ಅಳತೆಯಲ್ಲಿ ತೀರ್ಮಾನಿಸಿದರು ಎಂಬುದು ಆ ಕಡತದಲ್ಲಿರುತ್ತದೆ. 18ರೊಳಗಿನ ಖಾತೆಗಳ ಮೇಲೆ ನಡೆದ ಪ್ರತಿ ಪ್ರಯೋಗದ ಕಡತವನ್ನೂ ಕೇಳುವ ಅಧಿಕಾರ ನಿಮಗಿರಬೇಕು. ಅಧಿಕಾರ ಇಲ್ಲವಾದರೆ ಮೊದಲು ಅದನ್ನು ಪಡೆದುಕೊಳ್ಳಿ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಬೇಕಾದ್ದು ಒಂದು ಖಾಲಿ ಫೋನ್, ಹೊಸ ನಂಬರು, 14 ವರ್ಷದವರೆಂದು ದಾಖಲಿಸಿದ ಖಾತೆ, ಅದರ ಜೊತೆ ಮಾತನಾಡಲು ಅಂಥವೇ ಇನ್ನೆರಡು ಖಾತೆಗಳು, 14 ದಿನಗಳ ಸ್ಕ್ರೀನ್ ರೆಕಾರ್ಡಿಂಗ್. ಪ್ರತಿ ಪ್ರಶ್ನೆಗೂ ನಿರಾಕರಿಸಿ, ಅದೇ ಪ್ರಶ್ನೆ ಎಷ್ಟನೆಯ ದಿನ, ಎಷ್ಟು ಸಲ ಮರಳಿತು ಎಂದು ಬರೆಯಿರಿ. ಒಂದು ಸೆಟ್ಟಿಂಗ್ ಆನ್ ಮಾಡಲು ಎಷ್ಟು ಒತ್ತು, ಆಫ್ ಮಾಡಲು ಎಷ್ಟು ಒತ್ತು ಎಣಿಸಿ. ಬೇಡ ಎನ್ನುವ ಅಕ್ಷರದ ಮತ್ತು ಅದರ ಹಿನ್ನೆಲೆಯ ಬಣ್ಣಗಳ ಹೊಳಪಿನ ಅನುಪಾತ ಅಳೆಯಿರಿ. ಎಲ್ಲರಿಗೂ ಓದಲಾಗಬೇಕೆಂದು ಜಾಲತಾಣಗಳಿಗೆ ಇರುವ ಮಾನದಂಡ ಸಾಧಾರಣ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಎನ್ನುತ್ತದೆ. ಆಪಲ್ ತನ್ನ ವಿನ್ಯಾಸಕರಿಗೆ ಒತ್ತುವ ಜಾಗ ತನ್ನ ಪರದೆಯ ಅಳತೆಯಲ್ಲಿ 44 ಪಾಯಿಂಟ್ ಇರಲಿ ಎನ್ನುತ್ತದೆ, ಗೂಗಲ್‌ನದು ಅದರದೇ ಅಳತೆಯಲ್ಲಿ 48 ಡಿಪಿ. ‘ಒಪ್ಪಿದೆ’ ಈ ಅಳತೆಗಳಲ್ಲಿ ಪಾಸಾಗಿ ‘ಬೇಡ’ ಫೇಲಾದರೆ, ಅದು ಕೈತಪ್ಪಿ ಆದದ್ದೆಂಬ ವಾದವನ್ನು ಕಂಪನಿಯೇ ಸಾಬೀತು ಮಾಡಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಂದ ನೋಟಿಫಿಕೇಶನ್‌ಗಳನ್ನು ಮನುಷ್ಯರು ಕಳಿಸಿದ್ದು, ಯಂತ್ರ ಕಳಿಸಿದ್ದು ಎಂದು ಎರಡು ಕಾಲಂನಲ್ಲಿ ಬರೆಯಿರಿ. ಆ್ಯಪ್ ಅನ್ನು 3 ದಿನ ತೆರೆಯದೆ ಬಿಟ್ಟು, ಎರಡನೆಯ ಕಾಲಂ ಉದ್ದವಾಯಿತೇ ನೋಡಿ. ಕೊನೆಯ ದಿನ ಖಾತೆ ಅಳಿಸಲು ಹೊರಟು, ಮೊದಲ ಒತ್ತಿನಿಂದ ಕೊನೆಯ ಪರದೆಯವರೆಗೆ ಗಡಿಯಾರ ಹಿಡಿಯಿರಿ.

ಈ ಕೆಲಸಕ್ಕೆ ಕುಳಿತವರಲ್ಲಿ ಹದಿಹರೆಯದವರೂ ಇರಲಿ, ಅವರ ಮನೆಯವರ ಒಪ್ಪಿಗೆಯೊಂದಿಗೆ, ಶಾಲೆಯ ಹೊತ್ತು ಕೆಡದಂತೆ. ವಯಸ್ಕರ ಕಣ್ಣಿಗೆ ಬರೀ ಹಸಿರು ಚುಕ್ಕೆಯಾಗಿ ಕಾಣುವುದು ಎಲ್ಲಿ ಒತ್ತಡವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲವರು ಅವರು. ಬರೆದ ಲೆಕ್ಕವನ್ನು ಆ್ಯಪ್‌ನ ಹೆಸರಿನೊಂದಿಗೆ, ಆವೃತ್ತಿಯ ಸಂಖ್ಯೆಯೊಂದಿಗೆ ಪ್ರಕಟಿಸಿ. ಆ್ಯಪ್ ಅಪ್‌ಡೇಟ್ ಆದಾಗ ಮತ್ತೆ ಅಳೆಯಿರಿ, ಏಕೆಂದರೆ ಒಂದು ಅಪ್‌ಡೇಟ್‌ನಲ್ಲಿ ಸರಿಪಡಿಸಿದ ಗುಂಡಿ ಮುಂದಿನದರಲ್ಲಿ ಹಳೆಯ ಜಾಗಕ್ಕೆ ಮರಳಬಹುದು.

ಇತಿ,
ಆ್ಯಪ್ ವಿನ್ಯಾಸಗಳ ಪರಿಶೀಲನೆಯಲ್ಲಿ ತೊಡಗಿರುವವರು